ಮಾಲೀಕರು ಹೂಂ ಅಂದರೆ ಸಾಕಾ?

ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಲ್ಲುವವರ ಉಸಿರಾಟ ಹೇಗಿದೆ? ದಾವಣಗೆರೆಯಲ್ಲಿ ನರ್ಸಿಂಗ್, ಎಂಎಸ್‌ಡಬ್ಲ್ಯು ಓದುವವರಿಗೆ ಇದು ಒಳ್ಳೆಯ ಪ್ರಾಜೆಕ್ಟ್ ವಿಷಯ. ಪೀಕ್ ಫ್ಲೋ ಮೀಟರ್ ಅನ್ನೋ ಸಣ್ಣ ಕೊಳವೆ ಇದ್ದರೆ ಸಾಕು. ಉಸಿರು ಪೂರ್ತಿ ಒಳಗೆಳೆದು ಒಂದೇ ಸಲ ಜೋರಾಗಿ ಊದಿದರೆ, ಗಾಳಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಹೊರಬಂತು ಅಂತ ಅದು ತೋರಿಸುತ್ತದೆ. ಮಾಲೀಕರನ್ನು ಕೇಳಿದರೆ 'ಊಟದ ಹೊತ್ತಿಗೆ ಬನ್ನಿ' ಅನ್ನುತ್ತಾರೆ, ಕೆಲಸದವರು ಸಾಲಾಗಿ ನಿಂತು ಊದುತ್ತಾರೆ, ಸಂಜೆಯೊಳಗೆ ಡೇಟಾ ಕೈಗೆ ಬರುತ್ತದೆ.

ಆದರೆ ಇಲ್ಲಿ ಒಪ್ಪಿದವರು ಮಾಲೀಕರು. ಊದಿದವರು ಬೇರೆ.

ಮಾಲೀಕರ ಅನುಮತಿ ಭಟ್ಟಿಯೊಳಗೆ ಕಾಲಿಡುವುದಕ್ಕೆ, ಅಷ್ಟೇ. ಒಬ್ಬೊಬ್ಬ ಕೆಲಸಗಾರರ ಒಪ್ಪಿಗೆಯನ್ನೂ ಬೇರೆಯಾಗಿ, ಮಾಲೀಕರು ಇಲ್ಲದ ಜಾಗದಲ್ಲಿ ಕೇಳಬೇಕು. ದಿನಗೂಲಿಗೆ ಬಂದವರು ಧಣಿ ಎದುರು 'ಬೇಡ' ಅನ್ನುವುದುಂಟಾ? ಯಾರ ಉಸಿರು ಕಮ್ಮಿ ಅಂತ ಮಾಲೀಕರಿಗೆ ಗೊತ್ತಾದರೆ ನಾಳೆ ಅವರಿಗೆ ಕೆಲಸ ಇರುತ್ತದೋ ಇಲ್ಲವೋ. ಅದಕ್ಕೇ ಪಟ್ಟಿಯಲ್ಲಿ ಹೆಸರಿನ ಬದಲು ನಂಬರ್ ಇರಬೇಕು, ಯಾವ ನಂಬರ್ ಯಾರದು ಅನ್ನೋ ಹಾಳೆ ಬೇರೆ ಕಡೆ ಬೀಗದಲ್ಲಿರಬೇಕು. ರೀಡಿಂಗ್ ತೀರಾ ಕಮ್ಮಿ ಬಂದವರಿಗೆ ಮಾತ್ರ ಪಕ್ಕಕ್ಕೆ ಕರೆದು ಹೇಳಿ, ಯಾವ ಆಸ್ಪತ್ರೆಗೆ ಹೋಗಬೇಕು ಅಂತಲೂ ತಿಳಿಸಬೇಕು. ಸುಮ್ನೆ ಬರೆದುಕೊಂಡು ಬಂದುಬಿಡುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಬೇರೆಯವರ ಸಹಿಯನ್ನೇ ಒಪ್ಪಿಗೆ ಅಂದುಕೊಂಡದ್ದು ನಮ್ಮ ದೇಶದಲ್ಲೇ ನಡೆದಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ಶುರುವಾಯಿತು. ಹಾಸ್ಟೆಲ್‌ನಲ್ಲಿದ್ದ ಬುಡಕಟ್ಟು ಮಕ್ಕಳೂ ಅದರಲ್ಲಿದ್ದರು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅಧ್ಯಯನ ನಿಲ್ಲಿಸಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯೋ ಆ ಲಸಿಕೆ ಒಳ್ಳೆಯದೇ. ಆದರೆ ಒಳ್ಳೆಯದು ಅನ್ನೋ ಕಾರಣಕ್ಕೆ ಕೇಳದೆ ಚುಚ್ಚಬಹುದು ಅಂತ ಆಗುವುದಿಲ್ಲ ಅಲ್ವಾ?

ಚಿತ್ರದುರ್ಗ ಜಿಲ್ಲೆಯ ಶಾಲೆಗಳಿಗೆ ಹೋಗುವವರು ಇದನ್ನು ನೆನಪಿಡಬೇಕು. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಮೂಡುತ್ತದೆ. ಆ ಹಲ್ಲಿನ ಫೋಟೋ ತೆಗೆಯುವುದಕ್ಕೆ ಹೆಡ್‌ಮಾಸ್ಟರ್ ಸಹಿ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಪಾಲಕರ ಒಪ್ಪಿಗೆಯ ಜೊತೆಗೆ 7 ವರ್ಷ ದಾಟಿದ ಮಗುವನ್ನೂ ಕೇಳಬೇಕು. 12ರವರೆಗೆ ಬಾಯಿಮಾತು ಸಾಕು, ಆಮೇಲೆ ಬರಹದಲ್ಲಿ ಬೇಕು. ಓದು ಬಾರದ ಪಾಲಕರಿಗೆ ಸಾಕ್ಷಿಯ ಎದುರು ಎಲ್ಲವನ್ನೂ ವಿವರಿಸಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕಲೆ ಕಾಣಬಾರದು ಅಂತ ಕೈ ಅಡ್ಡ ಇಟ್ಟು ನಗುವ ಹುಡುಗಿಯನ್ನು ಇಡೀ ಕ್ಲಾಸಿನ ಎದುರು ಬಾಯಿ ತೆರೆಸುವುದು ಬೇಡವೇ ಬೇಡ.

ಇನ್ನು ಗುಟ್ಟು ಕಾಯುವ ವಿಷಯ. ಕಾಡುಗೊಲ್ಲರು ವಾಸಿಸುವ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಊರ ಹೊರಗೆ ಇರಬೇಕಾದ ಪದ್ಧತಿ ಬಗ್ಗೆ ಅಧ್ಯಯನ ಮಾಡುವವರಿದ್ದಾರೆ. ಮಾಡಬೇಕಾದ ಕೆಲಸವೇ. ಆದರೆ ಅತ್ತೆ ಪಕ್ಕದಲ್ಲಿ ಕೂತಿರುವಾಗ ಸೊಸೆಯನ್ನು ಕೇಳಿದರೆ ಅತ್ತೆಯ ಉತ್ತರವೇ ಸಿಗುತ್ತದೆ. ಮನಸ್ಸು ಬಿಚ್ಚಿ ಮಾತಾಡಿದಳು ಅಂತಿಟ್ಟುಕೊಳ್ಳಿ, ವರದಿಯಲ್ಲಿ ಹೆಸರು ಬದಲಾಯಿಸಿ, 'ಇಂಥ ಹಟ್ಟಿಯ, ಪಿಯುಸಿ ಓದಿದ, ಇಬ್ಬರು ಹೆಣ್ಣುಮಕ್ಕಳ ತಾಯಿ' ಅಂತ ಬರೆದರೆ ಅದು ಯಾರು ಅನ್ನೋದು ಹಟ್ಟಿಗೆಲ್ಲ ಗೊತ್ತಾಗುತ್ತದೆ. ಬೆಂಗಳೂರಲ್ಲಿ ಓದುವವರಿಗೆ ಗೊತ್ತಾಗುವುದಿಲ್ಲ, ನಿಜ. ಅವಳು ಬದುಕಬೇಕಾದದ್ದು ಹಟ್ಟಿಯಲ್ಲಿ. ಊರಿನ ಹೆಸರು ಬಿಡಿ, ವಯಸ್ಸನ್ನು ಅಂದಾಜಿನಲ್ಲಿ ಹೇಳಿ, ಗುರುತು ಸಿಗೋ ವಿವರ ತೆಗೆಯಿರಿ. ಒಂದೆರಡು ಒಳ್ಳೆಯ ಸಾಲು ಹೋದರೆ ಹೋಗಲಿ.

ಇಷ್ಟೆಲ್ಲ ನೋಡುವುದಕ್ಕೇ ಎಥಿಕ್ಸ್ ಕಮಿಟಿ ಇರುವುದು. ಅಲ್ಲಿ ಕಾನೂನು ಬಲ್ಲವರು, ಸಂಶೋಧನೆಯ ಗಂಧ ಇಲ್ಲದ ಸಾಮಾನ್ಯರು, ಸಂಸ್ಥೆಗೆ ಸೇರದ ಹೊರಗಿನವರು ಇರಲೇಬೇಕು. ಅರ್ಜಿ ಹಾಕಬೇಕಾದದ್ದು ಫೀಲ್ಡಿಗೆ ಇಳಿಯುವ ಮೊದಲು, ಡೇಟಾ ತಂದ ಮೇಲೆ ಅನುಮತಿ ಕೇಳಿದರೆ ಸಿಗುವುದಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಇರುವವರು ಅದರ ಹಿಂದಿನ ಸೆಮಿಸ್ಟರ್‌ನಲ್ಲೇ ಗೈಡ್ ಹತ್ತಿರ ಕೂತು ಒಪ್ಪಿಗೆ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. 'ಮಧ್ಯದಲ್ಲಿ ಬೇಡ ಅನಿಸಿದರೆ ಕಾರಣ ಹೇಳದೆ ಬಿಡಬಹುದು' ಅನ್ನೋ ಸಾಲು ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಇರಲಿ.