ಲಿವರ್ ಹಾಳೆ ನಾರ್ಮಲ್, ಪ್ಲೇಟ್‌ಲೆಟ್ ನೋಡಿದ್ದೀರಾ?

ಕಾರ್ಕಳದ ಕಡೆಯಿಂದ ಬಂದ ಅಮ್ಮ ನನ್ನ ಮೇಜಿನ ಮೇಲೆ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ ಇಟ್ಟರು. ಒಳಗೆ ಐದು ವರ್ಷದ ರಕ್ತಪರೀಕ್ಷೆಯ ರಿಪೋರ್ಟುಗಳು, ಮಡಚಿ ಮಡಚಿ ಅಂಚು ಸವೆದಿದ್ದವು. ವಯಸ್ಸು 61. ಸಕ್ಕರೆ ಕಾಯಿಲೆ ಶುರುವಾಗಿ ಹದಿನೈದು ವರ್ಷ. "ಲಿವರ್ ಎಲ್ಲ ನಾರ್ಮಲ್ ಉಂಟು ಡಾಕ್ಟ್ರೇ, ಈ ಸುಸ್ತೊಂದು ಹೋಗುವುದಿಲ್ಲ" ಎಂದರು. ಹಾಳೆಯಲ್ಲಿ ಹಾಗೆಯೇ ಇತ್ತು. ಲಿವರಿನ ಕಿಣ್ವಗಳಾದ ಎಸ್‌ಜಿಪಿಟಿ 31, ಎಸ್‌ಜಿಒಟಿ 38, ಕಾಮಾಲೆಯಲ್ಲಿ ಏರುವ ಹಳದಿ ಅಂಶ ಬಿಲಿರುಬಿನ್ 1.0, ರಕ್ತದ ಪ್ರೋಟೀನು ಆಲ್ಬುಮಿನ್ 3.6. ಎಲ್ಲಿಯೂ ದಪ್ಪಕ್ಷರವಿಲ್ಲ, 'ಹೈ' ಎಂಬ ಗುರುತಿಲ್ಲ.

ನಾನು ತೊಟ್ಟೆಯಿಂದ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಹಾಳೆಗಳನ್ನು ಹುಡುಕಿ ತೆಗೆದೆ. ಈ ವರ್ಷದ ಪ್ಲೇಟ್‌ಲೆಟ್ 98 ಸಾವಿರ. ಹೋದ ವರ್ಷ 1.2 ಲಕ್ಷ, ಅದರ ಹಿಂದೆ 1.5, ಐದು ವರ್ಷದ ಹಿಂದೆ 2.1 ಲಕ್ಷ. ಸಾಲಾಗಿ ಜೋಡಿಸಿಟ್ಟರೆ ಮೆಟ್ಟಿಲು ಇಳಿದ ಹಾಗೆ. ಅವರ ಅಂಗೈ ತಿರುಗಿಸಿ ನೋಡಿದೆ: ಹೆಬ್ಬೆರಳಿನ ಬುಡ, ಕಿರುಬೆರಳಿನ ಕೆಳಗಿನ ಉಬ್ಬು ಎರಡೂ ಕೆಂಪಗೆ, ನಡುವೆ ಬಿಳಿಚು. ಲಿವರ್ ಹಾಳಾದವರಲ್ಲಿ ಅಂಗೈ ಹೀಗಾಗುವುದುಂಟು. ಲಿವರ್ ಗಾಯವಾಗಿ ಗಾಯವಾಗಿ ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಒತ್ತಡ ಹಿಂದಕ್ಕೆ ಸರಿದು ಗುಲ್ಮ (ಹೊಟ್ಟೆಯ ಎಡಬದಿಯ ಸ್ಪ್ಲೀನ್) ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಗಾಯಗಟ್ಟಿದ ಸ್ಥಿತಿ, ಎಂದು ಬಂತು. ಒಂದು ಹನಿ ಮದ್ಯ ಮುಟ್ಟದ ಹೆಂಗಸು. ಸಕ್ಕರೆ ಕಾಯಿಲೆಯ ಜೊತೆಗೇ ಲಿವರಿನಲ್ಲಿ ಕೂತ ಕೊಬ್ಬು ಇಷ್ಟು ಮಾಡಿತ್ತು. ಐದು ವರ್ಷ ಯಾರೂ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಎಲ್‌ಎಫ್‌ಟಿ (ಲಿವರ್ ಫಂಕ್ಷನ್ ಟೆಸ್ಟ್) ಎಂದರೆ ಲಿವರ್ ಕೆಲಸ ಮಾಡುತ್ತದೋ ಇಲ್ಲವೋ ನೋಡುವ ಪರೀಕ್ಷೆ ಎಂದು ಎಲ್ಲರೂ ತಿಳಿದಿದ್ದಾರೆ, ಹೆಸರೂ ಹಾಗೆಯೇ ಹೇಳುತ್ತದೆ. ಆದರೆ ಎಲ್ಲರ ಕಣ್ಣು ಮೊದಲು ಹೋಗುವ ಎಸ್‌ಜಿಒಟಿ, ಎಸ್‌ಜಿಪಿಟಿ ಕೆಲಸದ ಲೆಕ್ಕ ಕೊಡುವುದೇ ಇಲ್ಲ. ಅವು ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶ ಪೆಟ್ಟು ತಿಂದಾಗ ರಕ್ತಕ್ಕೆ ಸೋರುತ್ತವೆ. ಎಸ್‌ಜಿಒಟಿ ಸ್ನಾಯುವಿನಲ್ಲಿಯೂ ಇದೆ, ಹಿಂದಿನ ದಿನ ಮೈಮುರಿದು ದುಡಿದವರಲ್ಲಿ ಏರಿದ್ದನ್ನು ಕಂಡಿದ್ದೇನೆ. ಕೆಲಸ ತಿಳಿಯಬೇಕಾದರೆ ಲಿವರ್ ತಯಾರಿಸುವ ಪದಾರ್ಥಗಳನ್ನು ನೋಡಬೇಕು: ಆಲ್ಬುಮಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು. ಆಲ್ಬುಮಿನ್‌ನ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 20 ದಿನ, ಹಾಗಾಗಿ ಅದು ನಿಧಾನವಾಗಿ ಇಳಿಯುತ್ತದೆ. ಹೆಪ್ಪುಗಟ್ಟಿಸುವ ಕೆಲವು ಅಂಶಗಳ ಆಯುಷ್ಯ ಗಂಟೆಗಳದ್ದು, ಅದಕ್ಕೇ ತುರ್ತಿನಲ್ಲಿ ನಾವು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪಿಟಿ-ಐಎನ್‌ಆರ್ ಕೇಳುವುದು.

ಇನ್ನು 'ನಾರ್ಮಲ್' ಎಂಬ ಗೆರೆ. ಲ್ಯಾಬುಗಳು ಎಸ್‌ಜಿಪಿಟಿಗೆ 40 ಅಥವಾ 50ರವರೆಗೆ ಸರಿ ಎಂದು ಅಚ್ಚು ಹಾಕುತ್ತವೆ. ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2017ರಲ್ಲಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂದು ಮಿತಿ ಹೇಳಿತು. ಆ ಲೆಕ್ಕದಲ್ಲಿ ಕಾರ್ಕಳದ ಅಮ್ಮನ 31 ಹೆಚ್ಚೇ.

ಅದೇ ವಾರ ಮಲ್ಪೆಯ ಬೋಟಿನವರೊಬ್ಬರು ಬಂದರು, 42 ವರ್ಷ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಚೆಕಪ್ಪಿಗೆ ಪುರುಸೊತ್ತು ಸಿಗುವುದು ಆಗಲೇ. "ಲಿವರ್ ಹೋಯ್ತಾ ಡಾಕ್ಟ್ರೇ? ರಾತ್ರಿ ನಿದ್ರೆ ಬರ್ಲಿಲ್ಲ." ಎಸ್‌ಜಿಪಿಟಿ 68, ಎಸ್‌ಜಿಒಟಿ 49, ಎರಡೂ ದಪ್ಪಕ್ಷರದಲ್ಲಿ. ಪ್ಲೇಟ್‌ಲೆಟ್ 2.6 ಲಕ್ಷ. ರಿಪೋರ್ಟಿನ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು: 42 ಗುಣಿಸು 49, ಅಂದರೆ 2058. ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ 260, ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ, ಅಂದರೆ ಸುಮಾರು 8.25ರಿಂದ ಗುಣಿಸಿದರೆ 2145. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.96. ಇದಕ್ಕೆ ಫಿಬ್-4 ಎನ್ನುತ್ತಾರೆ. 1.3ಕ್ಕಿಂತ ಕೆಳಗಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. 65 ದಾಟಿದವರಿಗೆ ಕೆಳಗಿನ ಗೆರೆ 2. ಅಮ್ಮನದ್ದು 4.2 ಬಂದಿತ್ತು. ಬೋಟಿನವರಿಗೆ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಬರೆದೆ, ಕುಡಿತ ಬಿಡಲು ಹೇಳಿದೆ, ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿಸಲು ಹೇಳಿದೆ. ಮೂರು ತಿಂಗಳ ನಂತರ ಮತ್ತೆ ರಕ್ತ ಕೊಡಬೇಕು.

ಜ್ವರ ಇರುವಾಗ ಮಾತ್ರ ಈ ಲೆಕ್ಕ ಹಾಕಬೇಡಿ. ಡೆಂಗ್ಯೂನಲ್ಲಿ ಎಸ್‌ಜಿಒಟಿ ಏರುತ್ತದೆ, ಪ್ಲೇಟ್‌ಲೆಟ್ ಬೀಳುತ್ತದೆ, ಉತ್ತರ ಸುಳ್ಳಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಜ್ವರಗಳನ್ನು ಬೇರೆಯೇ ರೀತಿಯಲ್ಲಿ ಓದಬೇಕು. ಹೆಪಟೈಟಿಸ್ ಎ ಬಂದರೆ ಎಸ್‌ಜಿಪಿಟಿ ಸಾವಿರ ದಾಟಿ ಹೋಗುತ್ತದೆ. ಇಲಿಜ್ವರ (ಲೆಪ್ಟೋಸ್ಪೈರೋಸಿಸ್) ಜೋರಾದಾಗ ಬಿಲಿರುಬಿನ್ 10, 15 ಆಗಿರುತ್ತದೆ, ಎಸ್‌ಜಿಪಿಟಿ ಸಾಮಾನ್ಯವಾಗಿ 200ರ ಒಳಗೇ ಇರುತ್ತದೆ. ಜೊತೆಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿರುತ್ತದೆ, ಮೀನಖಂಡ ಮುಟ್ಟಿದರೆ ನೋವು. ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಇದು ಬರುತ್ತದೆ, ಸಕಾಲದಲ್ಲಿ ಪೆನ್ಸಿಲಿನ್ ಅಥವಾ ಡಾಕ್ಸಿಸೈಕ್ಲಿನ್ ಕೊಟ್ಟರೆ ಉಳಿಸಬಹುದು. ಕಣ್ಣು ಹಳದಿಯಾಯಿತೆಂದು ಮೊದಲು ಕಾಮಾಲೆ ಮದ್ದಿಗೆ ಹೋಗಿ, ಉಪ್ಪಿಲ್ಲದ ಗಂಜಿ ಕುಡಿದು, ಐದನೆಯ ದಿನ ಮೂತ್ರ ನಿಂತ ಮೇಲೆ ಬಂದವರನ್ನು ನೋಡಿದ್ದೇನೆ. ಆಗ ಡಯಾಲಿಸಿಸ್ ಬೇಕಾಗುತ್ತದೆ.

ಇನ್ನೊಂದು ಮಾತು ಮನೆಯವರಿಗೆ. ಕಾಮಾಲೆಯ ರೋಗಿಯ ಎಸ್‌ಜಿಪಿಟಿ 2000ದಿಂದ 300ಕ್ಕೆ ಇಳಿಯಿತೆಂದು ನಿರಾಳರಾಗಬೇಡಿ. ಬಿಲಿರುಬಿನ್ ಮತ್ತು ಐಎನ್‌ಆರ್ ಕೂಡ ಇಳಿದಿದೆಯೇ ಎಂದು ಕೇಳಿ. ಅವೆರಡು ಏರುತ್ತಾ ಎಸ್‌ಜಿಪಿಟಿ ಮಾತ್ರ ಇಳಿಯುತ್ತಿದ್ದರೆ, ಸೋರುವುದಕ್ಕೆ ಕೋಶಗಳೇ ಉಳಿದಿಲ್ಲದಿರಬಹುದು. ರೋಗಿ ಹಗಲು ನಿದ್ದೆ ಮಾಡಿ ರಾತ್ರಿ ಎದ್ದು ಕೂತರೆ, ಮಾತು ತಡವರಿಸಿದರೆ, ಬೆಳಗಾಗುವವರೆಗೆ ಕಾಯದೆ ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುಡಿದ ಕಷಾಯ, ನುಂಗಿದ ಮಾತ್ರೆ ಎಲ್ಲವನ್ನೂ ಒಂದು ತೊಟ್ಟೆಯಲ್ಲಿ ಹಾಕಿ ತನ್ನಿ.