ಗೆರೆ ದಪ್ಪವಿರಬೇಕೆ, ತೆಳುವಿರಬೇಕೆ?

ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್ ಮುಹೂರ್ತದಂದು ಕೊಡಗಿನ ಮನೆಗಳಲ್ಲಿ ಕೋವಿಯನ್ನು ಪೂಜೆಗಿಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು. ಇನ್ನು ಕೋವಿಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೊಳ್ಳಲು ಹೊರಟವರು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ವಿಚಾರಿಸುತ್ತಾರೆಯೇ ಹೊರತು ಒಳಗಿನ ಗುರಿಗೆರೆ, ಅಂದರೆ ರೆಟಿಕಲ್, ಹೇಗಿದೆ ಎಂದು ಕೇಳುವುದು ಅಪರೂಪ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಈ ಗೆರೆ ಹುಟ್ಟಿದ್ದು ಬಂದೂಕಿಗಾಗಿ ಅಲ್ಲ, ಆಕಾಶ ನೋಡುವುದಕ್ಕಾಗಿ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬಾತನ ದೂರದರ್ಶಕದೊಳಗೆ ಜೇಡವೊಂದು ನೂಲು ಎಳೆದಿತ್ತು. ದೂರದ ನೋಟದ ಜೊತೆಗೆ ಆ ನೂಲೂ ನಿಚ್ಚಳವಾಗಿ ಕಂಡಿತು. ಮುಂದೆ ಬಂದೂಕಿನ ಸ್ಕೋಪ್‌ಗಳಲ್ಲಿಯೂ ಜೇಡನೂಲು, ಕೂದಲು, ಸಣ್ಣ ತಂತಿ ಬಂದವು. ಬಳಿಕ ಗಾಜಿನ ಮೇಲೆ ಕೊರೆದ ಗೆರೆ ಬಂತು.

ತೆಳು ಗೆರೆಗೆ ಒಂದೇ ಶತ್ರು: ಮುಸ್ಸಂಜೆ. ಕಾಡಿನ ಕಪ್ಪಿನಲ್ಲಿ ಅದು ಕರಗಿಹೋಗುತ್ತದೆ. ಅದಕ್ಕೇ ಜರ್ಮನ್ ಬೇಟೆಗಾರರು ಎಡ, ಬಲ, ಕೆಳಗೆ ಮೂರು ದಪ್ಪ ಕಂಬಗಳಿರುವ ರೆಟಿಕಲ್ ಮೆಚ್ಚಿಕೊಂಡರು. 1962ರಲ್ಲಿ ಅಮೆರಿಕದ ಲ್ಯೂಪೋಲ್ಡ್ ಕಂಪನಿ ಹೊರಗೆ ದಪ್ಪ, ನಡುವೆ ತೆಳು ಇರುವ ಡ್ಯೂಪ್ಲೆಕ್ಸ್ ತಂದಿತು. ಇಂದಿನ ಬಹುಪಾಲು ಬೇಟೆ ಸ್ಕೋಪ್‌ಗಳಲ್ಲಿ ಅದರದೇ ಛಾಯೆ.

ನಮ್ಮ ಹಿರಿಯರಿಗೆ ಇದಾವುದೂ ಬೇಕಿರಲಿಲ್ಲ. ನಾಯಿಗಳು ಎಬ್ಬಿಸಿದ ಹಂದಿ ಪೊದೆಯಿಂದ ನುಗ್ಗುವಾಗ ನಳಿಗೆಯ ತುದಿಯ ಮಣಿಯೇ ಸಾಕಾಗಿತ್ತು. ಅಷ್ಟು ಹತ್ತಿರದಲ್ಲಿ ಸ್ಕೋಪ್ ಇಟ್ಟಿದ್ದರೆ ಕಾಣುತ್ತಿದ್ದುದು ಬರೀ ರೋಮ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಮೋಜಿನ ಬೇಟೆಯ ಬಾಗಿಲನ್ನೇ ಮುಚ್ಚಿತು. ಕೋವಿ ಮಾತ್ರ ಉಳಿಯಿತು. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 1861ರಿಂದ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರವರೆಗೆ ವಿಸ್ತರಿಸಿತು.

ಹೀಗಾಗಿ ಇಲ್ಲಿ ಉಳಿದಿರುವುದು ಗುರಿ ಸ್ಪರ್ಧೆಯ ಲೆಕ್ಕ. ಮಿಲ್ ಎಂಬುದು ಕೋನದ ಒಂದು ಸಣ್ಣ ಅಳತೆ. ಗೆರೆಯ ಮೇಲೆ ಒಂದೊಂದು ಮಿಲ್‌ಗೆ ಚುಕ್ಕೆಯಿಟ್ಟ ರೆಟಿಕಲ್‌ನಲ್ಲಿ ಒಂದು ಮಿಲ್ ಎಂದರೆ 100 ಮೀಟರ್ ದೂರದಲ್ಲಿ 10 ಸೆಂಟಿಮೀಟರ್, 50 ಮೀಟರಿನಲ್ಲಿ 5. ಪಾಯಿಂಟ್ 22 ರೈಫಲನ್ನು 50 ಮೀಟರಿಗೆ ಹೊಂದಿಸಿ 100 ಮೀಟರಿಗೆ ಹೊಡೆದರೆ ಗುಂಡು ಗೇಣಿಗೆ ತುಸು ಕಡಿಮೆ ಕೆಳಗೆ ಬೀಳುತ್ತದೆ. ಆಗ ಚುಕ್ಕೆಗಳು ನೆರವಾಗುತ್ತವೆ. ಆದರೆ ವರ್ಧನೆ ಬದಲಿಸಬಹುದಾದ ಸ್ಕೋಪ್‌ನಲ್ಲಿ ರೆಟಿಕಲ್ ಕಣ್ಣಿನ ಕಡೆಯ ನಾಭಿತಳದಲ್ಲಿ, ಅಂದರೆ ಬಿಂಬ ಮೂಡುವ ಹಿಂದಿನ ಜಾಗದಲ್ಲಿ, ಇದ್ದರೆ ಈ ಅಳತೆ ಒಂದೇ ವರ್ಧನೆಯಲ್ಲಿ ಸರಿ. ಮುಂದಿನ ನಾಭಿತಳದಲ್ಲಿದ್ದರೆ ಎಲ್ಲ ವರ್ಧನೆಯಲ್ಲೂ ಸರಿ, ಆದರೆ ಹಿಗ್ಗಿಸಿದಂತೆ ಗೆರೆಯೂ ದಪ್ಪವಾಗುತ್ತದೆ. ದೂರ ಬದಲಾಗದ ತೆಂಗಿನಕಾಯಿಗೆ ಇಷ್ಟು ರಗಳೆ ಏಕೆ? ಒಂದನ್ನೊಂದು ದಾಟುವ ಎರಡು ತೆಳು ಗೆರೆ ಸಾಕು. ಸೆಪ್ಟೆಂಬರಿನ ಮಂಜಿಗೆ ಹೆದರುವವರು ಡ್ಯೂಪ್ಲೆಕ್ಸ್ ಕೊಳ್ಳಲಿ.

ಒಲಿಂಪಿಕ್ಸ್ ಕನಸಿನ ಮಕ್ಕಳಿಗೆ ಸ್ಕೋಪ್ ಕೊಡಿಸುವ ಮುನ್ನ ಪೋಷಕರು ತುಸು ತಡೆಯಬೇಕು. ಅಲ್ಲಿ ರೈಫಲ್ ಮೇಲೆ ಸ್ಕೋಪ್ ಇಡುವಂತಿಲ್ಲ. ಹಿಂದಿನ ಕಿಂಡಿಯಿಂದ ನೋಡಿ, ಮುಂದಿನ ಉಂಗುರದೊಳಗೆ ಕರಿ ವೃತ್ತವನ್ನು ಕೂರಿಸಬೇಕು. 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್.