ವಾರ್ಡಿನೊಳಗಿನ ಕಿರುಕುಳಕ್ಕೆ ನೇರ ಕಾನೂನು ಯಾಕಿಲ್ಲ?

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನ ಮಗಳು ಸ್ಟಾಫ್ ನರ್ಸ್ ಆಗಿದ್ದಳು. ಒಂದಿನ ಬೆಳಿಗ್ಗೆ ನೈಟ್ ಮುಗಿಸಿ ಹ್ಯಾಂಡ್‌ಓವರ್ ಕೊಡುವಾಗ (ಮುಂದಿನ ಪಾಳಿಯವರಿಗೆ ಪೇಷಂಟುಗಳನ್ನು ಒಪ್ಪಿಸುವಾಗ) ಇನ್‌ಚಾರ್ಜ್ ಸಿಸ್ಟರ್ ಕೇಸ್ ಶೀಟನ್ನು ಮಂಚದ ಮೇಲೆ ಒಗೆದು, ಪೇಷಂಟುಗಳ ಮುಂದೇನೇ, "ಬರಿಯಾಕ ಬರತೈತಿಲ್ಲ ನಿನಗ?" ಅಂದರಂತೆ. ಬಿಟ್ಟುಹೋಗಿದ್ದು ಒಂದು ಸಹಿ. ಇವಳು ಎದುರು ಮಾತಾಡಿದಳು. ಮುಂದಿನ ಡ್ಯೂಟಿ ಚಾರ್ಟ್‌ನಲ್ಲಿ ದೀಪಾವಳಿ ವಾರ ಪೂರ್ತಿ ನೈಟ್! "ನಮಗೂ ಹಿಂಗ ಮಾಡಿದ್ರವಾ, ಹಂಗ ಕಲಿತೇವಿ" ಅಂತ ಸೀನಿಯರ್ ಒಬ್ಬರ ಸಮಾಧಾನ ಬೇರೆ.

ಈ 'ಹಂಗ ಕಲಿತೇವಿ' ತುಂಬಾ ಹಳೆಯದು. 1889ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾದಾಗ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಎಳೆಯ ಡಾಕ್ಟರುಗಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಕಲಿಸತೊಡಗಿದ. ರೆಸಿಡೆಂಟ್ ಅಂದರೆ ಅಲ್ಲೇ ವಾಸ ಇರುವವ, ಹಗಲು ರಾತ್ರಿ ಕರೆದಾಗೆಲ್ಲ ಬರಬೇಕಾದವ. ಆ ಹಾಲ್‌ಸ್ಟೆಡ್‌ಗೇ ಮೊದಲು ಕೊಕೇನ್, ಆಮೇಲೆ ಮಾರ್ಫಿನ್ ಚಟ ಇತ್ತು ಅನ್ನೋದು ಬೇರೆ ಮಾತು. 1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬರುವ ಹೊತ್ತಿಗೆ ಪ್ರೊಫೆಸರ್‌ನಿಂದ ಹಿಡಿದು ತರಬೇತಿಯಲ್ಲಿರುವ ಎಳೆಯ ಡಾಕ್ಟರು, ಅಂದರೆ ಹೌಸ್ ಸರ್ಜನ್‌ವರೆಗಿನ ಈ ಏಣಿ ದೇಶದ ತುಂಬಾ ನಿಂತಿತ್ತು.

ಕೇಂದ್ರದ ರೆಸಿಡೆನ್ಸಿ ಸ್ಕೀಮ್ 1992ರಲ್ಲೇ ಒಂದೇ ಸಲಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬೇಡಿ ಅಂದಿದೆ. ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದುತ್ತಿರುವ ಯಾವ ಪಿ.ಜಿ. ಡಾಕ್ಟರಿಗಾದರೂ ಇದನ್ನು ಹೇಳಿ ನೋಡಿ, ನಗುತ್ತಾರೆ. 2001ರಲ್ಲಿ ಸುಪ್ರೀಂ ಕೋರ್ಟ್ ರ‍್ಯಾಗಿಂಗ್ ತಡೆಯಲು ಆದೇಶ ಕೊಟ್ಟಿತು. ಆದರೂ ಬಿಗಿ ನಿಯಮ ಬಂದಿದ್ದು 2009ರಲ್ಲಿ, ಹಿಮಾಚಲದ ಮೆಡಿಕಲ್ ವಿದ್ಯಾರ್ಥಿ ಅಮನ್ ಕಚ್ರೂ ಸತ್ತ ಮೇಲೆ. ಅದು ವಿದ್ಯಾರ್ಥಿಗಳಿಗೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹೊರಗಿನವರು ಬಂದು ಡಾಕ್ಟರು, ನರ್ಸುಗಳಿಗೆ ಹೊಡೆದರೆ ಕರ್ನಾಟಕದ 2009ರ ಕಾಯ್ದೆ ಇದೆ. ಒಳಗಿನವರೇ ದಿನಾ ಚುಚ್ಚಿದರೆ? ಅದಕ್ಕಂತಲೇ ಒಂದು ಕಾನೂನಿಲ್ಲ. ಸ್ವೀಡನ್‌ನವರು ಇದಕ್ಕೆ 1993ರಲ್ಲೇ ನಿಯಮ ಮಾಡಿದರು.

ಇದು ಬರೀ ಮನಸ್ಸಿಗೆ ನೋವಾಗುವ ವಿಷಯ ಅಲ್ಲ. ಹಿಂದಿನ ದಿನ ಬೈಸಿಕೊಂಡ ಹುಡುಗಿ ಡೋಸ್ ಬಗ್ಗೆ ಡೌಟ್ ಬಂದರೂ ಕೇಳೋದಿಲ್ಲ, ಅಲ್ವಾ? ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2008ರಲ್ಲಿ ಕೊಟ್ಟ ಎಚ್ಚರಿಕೆಯೂ ಇದೇ: ಸಿಬ್ಬಂದಿಯ ಇಂಥ ನಡವಳಿಕೆಯಿಂದ ಚಿಕಿತ್ಸೆಯಲ್ಲಿ ತಪ್ಪಾಗುತ್ತದೆ.

ನನ್ನ ತಂಗಿ ದೂರು ಕೊಡಬೇಕಿದ್ದದ್ದು ನರ್ಸುಗಳ ಮುಖ್ಯಸ್ಥೆ ಮೇಟ್ರನ್‌ಗೆ. ಮೇಟ್ರನ್ನೂ ಇನ್‌ಚಾರ್ಜೂ ಒಂದೇ ಬ್ಯಾಚು. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್‌ಗೆ ಸಹಿ ಹಾಕುವವರೂ ಅವರೇ, ಅದಿಲ್ಲದೆ ಗದಗದಲ್ಲಿ ಸಿಗಲಿದ್ದ ಕೆಲಸ ಸಿಗುತ್ತಿರಲಿಲ್ಲ. ರಾಜೀನಾಮೆಯಲ್ಲಿ 'ಮನೆಯ ಕಾರಣ' ಅಂತ ಬರೆದು ಕೊಟ್ಟಳು.